ನಲವತ್ತೊಂದನೆಯ ಗುರುತು

ಶಿವಮಲ್ಲು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತದ್ದೇ ತಡ, ಹಸು ಕಾಲು ಝಾಡಿಸಿ ತಂಬಿಗೆಯ ಹಾಲನ್ನೆಲ್ಲ ದುಂಡಮ್ಮನ ಮಡಿಲಿಗೆ ಚೆಲ್ಲಿತು. ಆರು ವರ್ಷದಿಂದ ಅವನ ಕೈಯಿಂದಲೇ ಹುಲ್ಲು ತಿಂದ ಹಸು. ಈಗ ಹಗ್ಗ ಹರಿಯುವಂತೆ ಹಿಂದಕ್ಕೆ ಜಗ್ಗಿ, ಕಣ್ಣು ಬಿಳಿ ಮಾಡಿಕೊಂಡು, ಉಳಿದ ಹಾಲನ್ನು ಮೇಲಕ್ಕೆಳೆದುಕೊಂಡು ನಡುಗುತ್ತ ನಿಂತಿತು. ದುಂಡಮ್ಮ ಮೊದಲು ಹಸುವಿಗೆ ಬೈದಳು, ಆಮೇಲೆ ಗಂಡನಿಗೆ ಬೈದಳು, ಕೊನೆಗೆ ಸೀಗೆಕಾಯಿ ಹಾಕಿ ಅವನಿಗೆ ಎರಡನೆಯ ಸಲ ನೀರು ಹೊಯ್ದಳು. ಪ್ರಯೋಜನವಾಗಲಿಲ್ಲ. ಅವನ ಮೈಯಿಂದ ಗಂಧಸಾಲೆ ಅಕ್ಕಿ ಬೇಯುತ್ತಿರುವಂಥ ಪರಿಮಳ ಬರುತ್ತಲೇ ಇತ್ತು.

ಅದು ಹುಲಿಯ ವಾಸನೆ. ಹುಲಿ ಅಂದರೆ ಗಬ್ಬು ನಾರುತ್ತದೆ ಎಂದು ತಿಳಿದವರು ಹುಲಿಯನ್ನು ಬೋನಿನಲ್ಲಿ ಮಾತ್ರ ನೋಡಿದವರು. ಕಾಡಿನ ಗಂಡುಹುಲಿ ಮರದ ಬುಡಕ್ಕೆ ಎರಚಿ ಹೋದ ಗುರುತು ಅರ್ಧ ಗಂಟೆಗೆಲ್ಲ ಒಳ್ಳೆ ಅಕ್ಕಿಯ ಅನ್ನದ ಹಾಗೆ ಘಮಗುಟ್ಟುತ್ತದೆ. ಹೊನ್ನಾರೆಕಟ್ಟೆ ವನ್ಯಧಾಮದ ವಾಚರುಗಳಿಗೆಲ್ಲ ಇದು ಗೊತ್ತು. ಕಾಡೊಳಗೆ ಆ ಪರಿಮಳ ಬಂದರೆ ಹುಲಿ ಎಂಬ ಹೆಸರೆತ್ತದೆ, 'ದೊಡ್ಡವನು ಇಲ್ಲೇ ಅವ್ನೆ' ಎಂದು ಸನ್ನೆ ಮಾಡಿ ಹಿಂದೆ ಸರಿಯುತ್ತಾರೆ. ಶಿವಮಲ್ಲು ಹತ್ತೊಂಬತ್ತು ವರ್ಷದಿಂದ ಹಾಗೆ ಸರಿದು ಬದುಕಿದವನು. ಈಗ ಆ ಪರಿಮಳವನ್ನು ತಾನೇ ಹೊತ್ತುಕೊಂಡು ಮನೆಗೆ ಬರುತ್ತಿದ್ದ.

ದುಂಡಮ್ಮನಿಗೆ ಇದರ ಹಿಂದು ಮುಂದು ಗೊತ್ತಿತ್ತು. ಸಫಾರಿ ಗೇಟಿನ ಪಕ್ಕದ ಕಂಟ್ರೋಲ್ ರೂಮಿನಲ್ಲಿ ಕಸ ಗುಡಿಸಿ ಟೀ ಕಾಯಿಸುವ ಕೆಲಸ ಅವಳದು. ಗುಡಿಸುವವಳ ಎದುರು ಯಾರೂ ದನಿ ತಗ್ಗಿಸುವುದಿಲ್ಲ. ಮಾರ್ಚಿನಲ್ಲಿ ಮೋಟುಕಿವಿ ಎಂಬ ಹೆಸರಿನ ಗಂಡುಹುಲಿ ಉರುಳಿಗೆ ಬಿದ್ದು ಸತ್ತಿತು. ಯಾರೋ ಹಂದಿಗೆಂದು ಹಾಕಿದ್ದ ಕಂಬಿಯ ಉರುಳು. ಇಲಾಖೆಯ ಪಟ್ಟಿಯಲ್ಲಿ ಅದರ ಹೆಸರು ಎಚ್-ಒಂಬತ್ತು. ಅದರ ನಾಲ್ಕು ಮರಿಗಳಿಗೆ ಆಗ ಎರಡು ತಿಂಗಳು. ಗಂಡು ಸತ್ತ ಸುದ್ದಿ ಕಾಡಿಗೆ ತಿಳಿದರೆ ಹೊರಗಿನ ಗಂಡು ಬರುತ್ತದೆ, ಬಂದದ್ದು ಮೊದಲು ಮಾಡುವ ಕೆಲಸ ಮರಿಗಳ ಕತ್ತು ಮುರಿಯುವುದು. ಆಗ ರೇಂಜರ್ ಯತಿರಾಜ್ ಸಾಹೇಬರು ಮತ್ತು ಪ್ರಯೋಗಾಲಯದ ಡಾಕ್ಟರ್ ಚಿತ್ಕಲಾ ಕೂತು ಒಂದು ನಿರ್ಧಾರ ಮಾಡಿದರು. ಸುದ್ದಿ ತಿಳಿಯುವುದು ಬೇಡ.

ಚಿತ್ಕಲಾ ಸತ್ತ ಹುಲಿಯಿಂದ ತೆಗೆದ ಸ್ರಾವವನ್ನು ಬಿಡಿಸಿ ನೋಡಿ, ಅದರಲ್ಲಿನ ಏಳು ಮುಖ್ಯ ರಾಸಾಯನಿಕಗಳನ್ನು ಬೆರೆಸಿ, ಅದೇ ಹುಲಿಯ ವಾಸನೆಯನ್ನು ಡಬ್ಬಗಳಲ್ಲಿ ತುಂಬಿದಳು. ಆ ಹುಲಿ ಗಡಿ ಗುರುತು ಹಾಕುತ್ತಿದ್ದ ಮರಗಳು ನಲವತ್ತು. ಮೂರು ದಿನಕ್ಕೊಮ್ಮೆ ಪ್ರತಿ ಮರದ ಬುಡಕ್ಕೂ ವಾಸನೆ ಎರಚಿದರೆ ಹುಲಿ ಬದುಕಿದಂತೆಯೇ ಲೆಕ್ಕ. ಪ್ರತಿ ಮರದಲ್ಲೂ ಒಂದು ಕ್ಯಾಮೆರಾ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರದ ಮೂಗು. ಆ ಮೂಗು ವಾಸನೆ ಹಿಡಿದು ಕಂಟ್ರೋಲ್ ರೂಮಿನ ಪರದೆಗೆ ಯಾವ ಪ್ರಾಣಿ, ಯಾವ ಹೊತ್ತು ಎಂದು ಬರೆದು ಕಳಿಸುತ್ತದೆ. ಎರಚುವುದಕ್ಕೂ ಯಂತ್ರಗಳಿದ್ದವು. ಆನೆಗಳಿಗೆ ಹೊಸ ಡಬ್ಬ ಕಂಡರೆ ಆಗದಲ್ಲ, ಒಂದೇ ವಾರದಲ್ಲಿ ನಲವತ್ತನ್ನೂ ಕಿತ್ತು ತುಳಿದು ಹಾಕಿದವು. ಅಲ್ಲಿಂದ ಆ ಕೆಲಸ ಶಿವಮಲ್ಲುವಿನ ಬೆನ್ನಿಗೆ ಬಂತು. ವೀಳ್ಯದೆಲೆ ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್ ಒಂದನ್ನು ತಂದು, ವಾಸನೆ ತುಂಬಿ, ಹೊತ್ತು ನಡೆದ.

ಮೊದಲ ದಿನ ಪರದೆ ನೋಡಿ ಎಲ್ಲರೂ ನಕ್ಕಿದ್ದರು. ಮೂಗು ಹೇಳಿದ ಮೇಲೆ ಯಂತ್ರ ಚಿತ್ರವನ್ನು ನೋಡುವುದೇ ಇಲ್ಲವಂತೆ. ಬೆನ್ನಿಗೆ ಸ್ಪ್ರೇಯರ್ ಹಾಕಿಕೊಂಡು, ಬಾಯ್ತುಂಬ ಎಲೆಅಡಿಕೆ ತುಂಬಿಕೊಂಡು ಹೊರಟಿದ್ದ ಶಿವಮಲ್ಲುವಿನ ಚಿತ್ರದ ಕೆಳಗೆ 'ಎಚ್-ಒಂಬತ್ತು, ಗಂಡು, ಆರೋಗ್ಯವಾಗಿದೆ' ಎಂದು ಬರೆದಿತ್ತು. ದುಂಡಮ್ಮನೂ ಸೆರಗು ಬಾಯಿಗೊತ್ತಿಕೊಂಡು ನಕ್ಕಿದ್ದಳು.

ಆ ನಗು ಉಳಿಯಲಿಲ್ಲ. ನಾಯಿ ಮೊದಲು ಮನೆ ಬಿಟ್ಟಿತು. ಊರ ಕೊನೆಯ ಗುಡಿಯ ಜಗುಲಿಯಲ್ಲಿ ಮಲಗಿ, ದುಂಡಮ್ಮ ಕರೆದರೆ ಬಾಲ ಅಲ್ಲಾಡಿಸಿ, ಶಿವಮಲ್ಲು ಕರೆದರೆ ಎದ್ದು ಓಡುತ್ತಿತ್ತು. ಆಮೇಲೆ ಮನೆ ಮುಂದಿನ ಹುಣಸೆಮರದ ಮುಸುವಗಳು. ಅವನು ಬೀದಿಯ ತಿರುವಿನಲ್ಲಿ ಕಾಣುವ ಮೊದಲೇ ಖಕ್ ಖಕ್ ಎಂದು ಕೆಮ್ಮಿ ಕೂಗಿ ಇಡೀ ಬೀದಿಗೆ ಎಚ್ಚರಿಕೆ ಕೊಡುತ್ತಿದ್ದವು. ಹುಲಿ ಕಂಡಾಗ ಮಾತ್ರ ಅವು ಹಾಗೆ ಕೂಗುವುದು. ಪಕ್ಕದ ಮನೆಯವರು ದಿನಾಲೂ ನಿಮ್ಮನೇಲಿ ಏನಮ್ಮಾ ಗಂಧಸಾಲೆ ಅನ್ನ, ಯಾವ ಗಂಟು ಸಿಕ್ಕಿತು ಎಂದು ಛೇಡಿಸಿದರು. ಇವರ ಮನೆಯಲ್ಲಿ ಬೇಯುತ್ತಿದ್ದುದು ಎರಡು ಹೊತ್ತೂ ರಾಗಿಮುದ್ದೆ.

ಶಿವಮಲ್ಲುವೂ ಮೊದಲಿನ ಹಾಗಿರಲಿಲ್ಲ. ಹೆಜ್ಜೆಯ ಸಪ್ಪಳವೇ ನಿಂತುಹೋಯಿತು. ಒಲೆ ಮುಂದೆ ಕೂತ ದುಂಡಮ್ಮ ತಿರುಗಿ ನೋಡಿದರೆ ಬೆನ್ನ ಹಿಂದೆ ನಿಂತಿರುತ್ತಿದ್ದ. ಎಷ್ಟು ಹೊತ್ತಿನಿಂದ ಅಂದರೆ ಅವನಿಗೇ ಗೊತ್ತಿರುತ್ತಿರಲಿಲ್ಲ. ಉಣ್ಣುವಾಗ ತಟ್ಟೆ ಎತ್ತಿಕೊಂಡು ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕೂರುತ್ತಿದ್ದ. ಒಂದೇ ಒಂದು ಹಳೆಯ ಅಭ್ಯಾಸ ಮಾತ್ರ ತಪ್ಪಲಿಲ್ಲ. ಎಷ್ಟೇ ದಣಿದು ಬಂದರೂ ಬೂಟು ಬಿಚ್ಚಿ, ಕಾಲುಚೀಲ ಮಡಚಿ ಅದರೊಳಗಿಟ್ಟು, ಜಗುಲಿಯ ಕಂಬದ ಬುಡಕ್ಕೆ ಜೋಡಿಸಿಯೇ ಒಳಗೆ ಬರುತ್ತಿದ್ದ.

ಆ ಕೆಲಸ ಹಿಡಿದ ಎಂಟನೆಯ ತಿಂಗಳು, ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಒದ್ದೆ ಮಣ್ಣಿನಲ್ಲಿ ದುಂಡಮ್ಮ ಹೆಜ್ಜೆ ಗುರುತು ಕಂಡಳು. ಒಂದು ದೊಡ್ಡದು, ಹೆಣ್ಣುಹುಲಿಯದು. ಅದರ ಸುತ್ತ ಗಜಿಬಿಜಿಯಾಗಿ ಸಣ್ಣವು, ನಾಲ್ಕು ಮರಿಗಳವು. ಓಡಿವೆ, ಬಿದ್ದಿವೆ, ಒಂದರ ಮೇಲೊಂದು ಹತ್ತಿ ಆಡಿವೆ. ಹಸುವಿನ ಕೊಟ್ಟಿಗೆ ಹತ್ತು ಮಾರು ದೂರದಲ್ಲಿತ್ತು, ಆ ಕಡೆ ಒಂದು ಹೆಜ್ಜೆಯೂ ಹೋಗಿರಲಿಲ್ಲ. ಹಿತ್ತಿಲ ಗೋಡೆಗೆ ಮೈ ಉಜ್ಜಿದ ಕಡೆ ಕೆಂಪು ಕೂದಲು ಅಂಟಿತ್ತು.

ಅವಳು ಒಳಗೆ ಓಡಿದಳು. ಗಂಡನನ್ನು ಎಬ್ಬಿಸಿ ಕರೆತಂದು ತೋರಿಸಿದಳು. ಅವನು ಕುಕ್ಕರುಗಾಲಿನಲ್ಲಿ ಕೂತು ಮರಿಗಳ ಹೆಜ್ಜೆಯನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದ. ನಾಲ್ಕೂ ಅವೆ, ಕುಂಟದು ಯಾವುದೂ ಇಲ್ಲ ಎಂದ. ಅವನ ಮುಖದಲ್ಲಿ ಇದ್ದದ್ದು ಹೆದರಿಕೆಯಲ್ಲ, ಸಂತೋಷ. ದುಂಡಮ್ಮನಿಗೆ ರೇಗಿತು. ಈ ದರಿದ್ರ ಕೆಲಸ ಇವತ್ತಿಗೇ ಸಾಕು, ನಾನು ಕಟ್ಟಿಕೊಂಡದ್ದು ಮನುಷ್ಯನನ್ನು, ಹುಲಿಯನ್ನಲ್ಲ, ಸಾಹೇಬರ ಕಾಲಿಗೆ ಬಿದ್ದಾದರೂ ಬಿಡಿಸಿಕೊಂಡು ಬರುತ್ತೇನೆ ಎಂದು ಕೂಗಾಡಿದಳು. ಅವನು ನೆಲ ನೋಡುತ್ತ ಹೇಳಿದ.

"ಆ ಉರುಳು ನನ್ ಬೀಟಲ್ಲಿತ್ತು ಕನಮ್ಮಿ. ಎರಡ್ ದಿನ ನಾನು ಬೀಟ್ ನಡೀನೇ ಇಲ್ಲ, ನಡ್ದೆ ಅಂತ ರುಜು ಹಾಕ್ದೆ. ನಡ್ದಿದ್ರೆ ಕಣ್ಗೆ ಬೀಳ್ತಿತ್ತು."

ಯಾವ ಎರಡು ದಿನ ಎಂದು ದುಂಡಮ್ಮ ಕೇಳಬೇಕಾಗಲಿಲ್ಲ. ಮಾರ್ಚಿನಲ್ಲಿ ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಅವಳ ಗರ್ಭಕೋಶದ ಆಪರೇಷನ್ ಆಗಿತ್ತು. ಎರಡು ದಿನವೂ ಅವನು ಮಂಚದ ಪಕ್ಕದ ಸ್ಟೂಲು ಬಿಟ್ಟು ಎದ್ದಿರಲಿಲ್ಲ. ರಜೆ ಕೊಟ್ಟಿದ್ದಾರೆ ಎಂದು ಸುಳ್ಳು ಹೇಳಿದ್ದ. ಅವಳು ಅವನ ಪಕ್ಕದಲ್ಲೇ ಕುಕ್ಕರಿಸಿದಳು. ಮರಿಗಳು ದೊಡ್ಡವಾಗಲು ಇನ್ನೊಂದು ವರ್ಷ ಬೇಕು, ಅಲ್ಲಿಗಂಟ ತಡಕೊ, ಆಮೇಲೆ ನಾನು ನಿನ್ನವನೇ ಎಂದ. ಅವಳು ತಡೆದುಕೊಳ್ಳುತ್ತೇನೆ ಎಂದಳು.

ಹೊರಗಿನ ಗಂಡು ಬಂದದ್ದು ಅದಾದ ಒಂಬತ್ತನೆಯ ದಿನ, ಹಾಡುಹಗಲು ಮೂರು ಗಂಟೆಗೆ. ದುಂಡಮ್ಮ ಕಂಟ್ರೋಲ್ ರೂಮಿನಲ್ಲಿ ಲೋಟ ತೊಳೆಯುತ್ತಿದ್ದಳು. ಪರದೆಯ ಮೇಲೆ ಒಂದು ಕೆಂಪು ಚುಕ್ಕೆ ಹತ್ತಿಕೊಂಡಿತು. ಇಪ್ಪತ್ತೆರಡನೆಯ ಮರ, ಅಪರಿಚಿತ ಗಂಡು. ಯತಿರಾಜ್ ಸಾಹೇಬರು ಸಫಾರಿ ಗಾಡಿಗಳನ್ನೆಲ್ಲ ವಾಪಸು ಕರೆಸಿದರು. ಮರದ ಗುರುತು ಮೂಸಿದ ಮೇಲೆ ಅದು ಹಿಂತಿರುಗುತ್ತದೆ ಎಂದು ಚಿತ್ಕಲಾ ಕಾದಳು. ಅದು ಮೂಸಿತು, ಹಿಂತಿರುಗಲಿಲ್ಲ. ಇಪ್ಪತ್ನಾಲ್ಕು, ಇಪ್ಪತ್ತಾರು, ಇಪ್ಪತ್ತೊಂಬತ್ತು. ನೇರ ಒಂದೇ ದಿಕ್ಕಿಗೆ ಬರುತ್ತಿತ್ತು, ಎಲ್ಲಿಯೂ ಮರಿಗಳನ್ನು ಹುಡುಕದೆ.

ಚಿತ್ಕಲಾಗೆ ಅರ್ಥವಾಗಲಿಲ್ಲ. ಗಡಿಯ ಮರಗಳಲ್ಲಿ ನಿಲ್ಲದೆ ಇದು ಎಲ್ಲಿಗೆ ಹೋಗುತ್ತಿದೆ, ಈ ಗೆರೆ ಎಳೆದರೆ ಕೊನೆಗೆ ಏನು ಸಿಗುತ್ತದೆ ಎಂದು ನಕ್ಷೆಯ ಮೇಲೆ ಬೆರಳಿಟ್ಟಳು. ದುಂಡಮ್ಮ ಒದ್ದೆ ಕೈಯಲ್ಲೇ ಹತ್ತಿರ ಬಂದು ನೋಡಿದಳು. ಕಟ್ಟೆ, ಕಟ್ಟೆಯ ಏರಿ, ಹುಣಸೆಮರ.

"ಅದು ನಮ್ಮನೆ ಕನವ್ವ," ಎಂದಳು.

ಆಗ ಒಂದೊಂದೇ ಹೊರಬಿತ್ತು. ಡಬ್ಬಗಳನ್ನು ತಂಪಿನಲ್ಲಿಡಬೇಕು ಎಂದು ಚಿತ್ಕಲಾ ಹೇಳಿದ್ದಳು. ಕ್ಯಾಂಪಿನ ಫ್ರಿಜ್ಜಿಗೆ ಬಿಸಿಲಿನ ಕರೆಂಟು ಸಾಲುತ್ತಿರಲಿಲ್ಲ. ಶಿವಮಲ್ಲು ತನಗೆ ತಿಳಿದ ಹಾಗೆ ಮಾಡಿದ. ಹೊನ್ನಾರೆಕಟ್ಟೆಯವರು ವೀಳ್ಯದೆಲೆಯ ಕಟ್ಟು ಬಾಡದಿರಲಿ ಎಂದು ಏನು ಮಾಡುತ್ತಾರೋ ಅದನ್ನೇ ಮಾಡಿದ. ಹಿತ್ತಿಲ ನೀರಿನ ಬಾನಿಯ ಕೆಳಗೆ ಒದ್ದೆ ಮರಳಿನ ಗುಂಡಿ ತೋಡಿ, ಡಬ್ಬಗಳನ್ನು ಹೂತು, ಮೇಲೆ ಗೋಣಿತಾಟು ಹೊದಿಸಿದ. ಎಂಟು ತಿಂಗಳು ಮುಚ್ಚಳದ ಸಂದಿಯಿಂದ ಜಿನುಗಿದ್ದನ್ನು ಮರಳು ಕುಡಿದಿತ್ತು, ಗೋಡೆ ಕುಡಿದಿತ್ತು. ಸೋರುವ ಸ್ಪ್ರೇಯರ್ ಕಾಡಿನಿಂದ ಮನೆಯವರೆಗೆ ದಿನಾಲೂ ಹನಿ ಹಾಕಿತ್ತು. ಚಿತ್ಕಲಾಳ ನಕ್ಷೆಯಲ್ಲಿದ್ದ ಗುರುತು ನಲವತ್ತು. ಕಾಡಿನ ಲೆಕ್ಕದಲ್ಲಿ ನಲವತ್ತೊಂದು. ಎಲ್ಲಕ್ಕಿಂತ ದಟ್ಟವಾದ ಆ ಕೊನೆಯದೇ ಎಚ್-ಒಂಬತ್ತರ ಮನೆ. ತಾಯಿಹುಲಿ ಮರಿಗಳನ್ನು ಕಟ್ಟಿಕೊಂಡು ಬಂದದ್ದು ಅದಕ್ಕೆ. ಹೊಸ ಗಂಡು ಇಲ್ಲಿನ ಯಜಮಾನನನ್ನು ಹುಡುಕಿಕೊಂಡು ಬರುತ್ತಿದ್ದುದೂ ಅದಕ್ಕೇ.

ದುಂಡಮ್ಮ ಮನೆಗೆ ಫೋನು ಮಾಡಿದಳು. ಮಲಗಿದ್ದ ಶಿವಮಲ್ಲು ಎಲ್ಲವನ್ನೂ ಕೇಳಿಸಿಕೊಂಡ. ಅವನ ದನಿಯಲ್ಲಿ ಗಾಬರಿಯೇ ಇರಲಿಲ್ಲ.

"ನೀ ಅಲ್ಲೇ ಇರು, ಮನೆತವಕ್ಕೆ ಬರ್ಬ್ಯಾಡ," ಎಂದ. "ಅದು ಊರೊಳಕ್ಕೆ ಬಂದ್ರೆ ಜನ ಬುಡಲ್ಲ, ಬಡ್ದು ಸಾಯಿಸ್ತಾರೆ. ನಾನೇ ಹೋಗಿ ಅಡ್ಡ ಹಾಕ್ತಿನಿ. ಅದು ಹುಡುಕ್ತಾ ಇರದು ನನ್ನ ತಾನೆ?"

ಸಾಹೇಬರು ಫೋನು ಕಸಿದುಕೊಂಡು ಬೇಡ ಎಂದು ಕೂಗುವಷ್ಟರಲ್ಲಿ ಅವನು ಇಟ್ಟಾಗಿತ್ತು. ಜೀಪು ಹೊರಟಿತು. ಅದು ಸುತ್ತು ಹಾಕಿ ಹೋಗಬೇಕು, ನಲವತ್ತು ನಿಮಿಷದ ದಾರಿ. ದುಂಡಮ್ಮ ಪರದೆಯ ಮುಂದೆ ನಿಂತಳು. ನಲವತ್ತನೆಯ ಮರದಲ್ಲಿ ಹಳದಿ ಚುಕ್ಕೆ ಹತ್ತಿತು. ಎಚ್-ಒಂಬತ್ತು, ಗಂಡು. ಚಿತ್ರದಲ್ಲಿ ಶಿವಮಲ್ಲು ತಲೆಯಿಂದ ಕಾಲಿನವರೆಗೆ ತೊಯ್ದಿದ್ದ. ಇಡೀ ಡಬ್ಬವನ್ನು ಮೈಮೇಲೆ ಸುರಿದುಕೊಂಡಿದ್ದಾನೆ ಎಂದು ಚಿತ್ಕಲಾ ಮೆಲ್ಲನೆ ಹೇಳಿದಳು. ಮೂವತ್ತೆಂಟು. ಮೂವತ್ತೈದು. ಮೂವತ್ಮೂರರಲ್ಲಿ ಅವನು ಕ್ಯಾಮೆರಾ ಕಡೆ ತಿರುಗಿ ನೋಡಿದ್ದ. ಹೆಂಡತಿ ಅಲ್ಲಿ ನಿಂತಿರುತ್ತಾಳೆ ಎಂದು ಗೊತ್ತಿತ್ತಲ್ಲ. ಮೂವತ್ತೊಂದರಲ್ಲಿ ಬಗ್ಗಿ ಏನನ್ನೋ ಬಿಚ್ಚುತ್ತಿದ್ದ.

ಮೂವತ್ತನೆಯ ಮರದ ಮೂಗು ಎಚ್-ಒಂಬತ್ತು ಎಂದು ಬರೆಯಿತು. ಚಿತ್ರದಲ್ಲಿ ಯಾರೂ ಇರಲಿಲ್ಲ. ಬಿಸಿಲು, ಹುಲ್ಲು, ಅಷ್ಟೆ. ಇಪ್ಪತ್ತೊಂಬತ್ತನೆಯದೂ ಹಾಗೇ ಬರೆಯಿತು. ಚಿತ್ರದಲ್ಲಿ ಹುಲ್ಲು ಬಾಗಿತ್ತು, ಬಾಗಿಸಿದವರು ಇರಲಿಲ್ಲ. ಆಮೇಲೆ ಕಾಲು ಗಂಟೆ ಯಾವ ಮೂಗೂ ಏನನ್ನೂ ಬರೆಯಲಿಲ್ಲ. ಕೊನೆಗೆ ಇಪ್ಪತ್ತೆರಡರಲ್ಲಿ ಕೆಂಪು ಚುಕ್ಕೆ ಬಂತು. ಹೊಸ ಗಂಡು ಬಂದ ದಾರಿಯಲ್ಲೇ ಓಡಿ ವಾಪಸು ಹೋಗುತ್ತಿತ್ತು. ಅದರ ಮುಖ ಕಿವಿಯಿಂದ ಮೂಗಿನವರೆಗೆ ಸೀಳಿಹೋಗಿತ್ತು.

ಇಡೀ ಇಲಾಖೆ ಹದಿನೈದು ದಿನ ಹುಡುಕಿತು. ಮೂವತ್ತೊಂದನೆಯ ದಿಂಡಿಗದ ಮರದ ಕೊಂಬೆಗೆ ಸ್ಪ್ರೇಯರ್ ತೂಗುಹಾಕಿತ್ತು, ಮುಚ್ಚಳ ಭದ್ರವಾಗಿತ್ತು. ಬುಡದಲ್ಲಿ ಬೂಟು ಜೋಡಿಸಿಟ್ಟಿತ್ತು. ಕಾಲುಚೀಲ ಮಡಚಿ ಒಳಗಿಟ್ಟಿತ್ತು. ಅಲ್ಲಿಂದಾಚೆಗೆ ಒಂದು ತೊಟ್ಟು ರಕ್ತವಾಗಲಿ, ಬಟ್ಟೆಯ ಚೂರಾಗಲಿ ಸಿಗಲಿಲ್ಲ. ಸಾಹೇಬರು ಕಾಣೆಯಾಗಿದ್ದಾರೆ ಎಂದು ಬರೆದು, ಬೂಟನ್ನು ದುಂಡಮ್ಮನ ಕೈಗೆ ಕೊಟ್ಟರು. ಅವಳು ಅದನ್ನು ತಂದು ಜಗುಲಿಯ ಕಂಬದ ಬುಡಕ್ಕೆ ಇಟ್ಟಳು. ನಂಜನಗೂಡಿಗೆ ಕೊಟ್ಟಿದ್ದ ಮಗಳು ಬಂದು ಅತ್ತು, ಅವ್ವಾ ನಡಿ ಎಂದು ಕರೆದಳು. ದುಂಡಮ್ಮ ಹೋಗಲಿಲ್ಲ. ಕುಂಕುಮವನ್ನೂ ಅಳಿಸಲಿಲ್ಲ.

ಅಳಿಸದಿರಲು ಕಾರಣವಿತ್ತು. ಡಬ್ಬಗಳನ್ನು ಇಲಾಖೆ ಹಿತ್ತಿಲಿನಿಂದ ಅಗೆದು ತೆಗೆದು, ಬೀಗ ಹಾಕಿ ಇಟ್ಟುಕೊಂಡಿತ್ತು. ಎರಚುವವರು ಯಾರೂ ಇರಲಿಲ್ಲ. ಆದರೂ ಮೂರು ದಿನಕ್ಕೊಮ್ಮೆ ನಲವತ್ತು ಮರಗಳಲ್ಲೂ ಹಳದಿ ಚುಕ್ಕೆ ಹತ್ತುತ್ತಿತ್ತು. ಚಿತ್ರಗಳೆಲ್ಲ ಖಾಲಿ. ಚಿತ್ಕಲಾ ಮರದ ತೊಗಟೆ ಕೆರೆದು ತಂದು ಪರೀಕ್ಷೆ ಮಾಡಿ, ಎರಡು ದಿನ ಅದನ್ನೇ ಮತ್ತೆ ಮತ್ತೆ ಮಾಡಿದಳು. ಮೂರನೆಯ ದಿನ ಟೀ ತಂದ ದುಂಡಮ್ಮನನ್ನು ಕೂರಿಸಿಕೊಂಡಳು.

"ನಾನು ಮಾಡಿದ್ದರಲ್ಲಿ ಏಳೇ ಅಂಶ ಇದ್ದದ್ದು, ದುಂಡಮ್ಮ. ಇದರಲ್ಲಿ ನಲವತ್ತಕ್ಕೂ ಹೆಚ್ಚಿದೆ. ಇದು ಜೀವ ಇರೋ ಮೈಯಿಂದ ಬಂದದ್ದು." ಅವಳು ತಡೆದು ಕೇಳಿದಳು, "ನಿಮ್ಮನೆಯವರು ಎಲೆಗೆ ಏನು ಹಾಕ್ಕೊಳ್ತಿದ್ರು?"

"ಸುಣ್ಣ, ಕಡ್ಡಿಪುಡಿ," ಎಂದಳು ದುಂಡಮ್ಮ.

ಚಿತ್ಕಲಾ ತಲೆಯಾಡಿಸಿದಳು. ಸುಣ್ಣವೂ ಇದೆ, ಹೊಗೆಸೊಪ್ಪೂ ಇದೆ ಎಂದಳು.

ಹೊರಗಿನ ಗಂಡು ಮತ್ತೆ ಬರಲಿಲ್ಲ. ಮರಿಗಳು ಬೆಳೆದವು. ಸಫಾರಿಗೆ ಬಂದವರು ಕಟ್ಟೆಯ ಏರಿಯ ಮೇಲೆ ಐದು ಹುಲಿ ಸಾಲಾಗಿ ಮಲಗಿದ್ದನ್ನು ಕಂಡು ಚಪ್ಪಾಳೆ ತಟ್ಟಿ, ಗೈಡನ ಕೈಲಿ ಬೈಸಿಕೊಂಡರು. ಐದೂ ಒಂದೇ ಕಡೆ ಮುಖ ಮಾಡಿ ಏನನ್ನೋ ನೋಡುತ್ತಿದ್ದವು ಎಂದು ಕೆಲವರು ಹೇಳಿದರು. ದುಂಡಮ್ಮ ಕೆಲಸ ಮುಗಿದ ಮೇಲೂ ಪರದೆಯ ಮುಂದೆ ಅರ್ಧ ಗಂಟೆ ಕೂತಿರುತ್ತಿದ್ದಳು. ಹಳದಿ ಚುಕ್ಕೆ ಮರದಿಂದ ಮರಕ್ಕೆ ಹೋಗುವುದನ್ನು ನೋಡುತ್ತ, ಇವತ್ತು ಬೇಗ ನಡೀತಾವ್ರೆ, ಇವತ್ತು ದಣಿದವ್ರೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಮನೆಯ ಕಡೆಗೆ ಮಾತ್ರ ಆ ಚುಕ್ಕೆ ಒಂದು ದಿನವೂ ಬರಲಿಲ್ಲ. ನಾಯಿ ಮನೆಗೆ ಮರಳಿತು. ಹಸು ಎಂದಿನಂತೆ ಹಾಲು ಕೊಟ್ಟಿತು. ಅದೇ ಅವಳಿಗೆ ಸಂಕಟ.

ಮರಿಗಳಿಗೆ ಇಪ್ಪತ್ತು ತಿಂಗಳಾಗಿ, ಒಂದೊಂದಾಗಿ ತಾಯಿಯನ್ನು ಬಿಟ್ಟು ಹೋದ ಮೇಲೆ ಆದೇಶ ಬಂತು. ಗುರುತುಗಳನ್ನೆಲ್ಲ ತೊಳೆಯಬೇಕು. ಇಲ್ಲದಿದ್ದರೆ ಈ ಕಾಡಿಗೆ ನಿಜವಾದ ಗಂಡು ಎಂದಿಗೂ ಬರುವುದಿಲ್ಲ. ವಾಸನೆಯನ್ನು ತಿಂದುಹಾಕುವ ಕಿಣ್ವ ಬೆರೆಸಿದ ನೀರನ್ನು ಚಿತ್ಕಲಾ ತಯಾರಿಸಿದಳು. ವಾಚರುಗಳು ಒಬ್ಬರೂ ಮುಂದೆ ಬರಲಿಲ್ಲ. ದುಂಡಮ್ಮ ಪೊರಕೆ ಮೂಲೆಗಿಟ್ಟು, ತೊಳೆಯುವ ಕೆಲಸ ತಾನೇ ನನ್ನದು, ನಾನು ಬರುತ್ತೇನೆ ಎಂದಳು.

ನಾಲ್ಕು ದಿನ ಇಬ್ಬರೂ ಜೀಪಿನಲ್ಲಿ ಮರದಿಂದ ಮರಕ್ಕೆ ಹೋದರು. ಮತ್ತಿ, ಹೊನ್ನೆ, ಬೂರುಗ, ದಿಂಡಿಗ. ದುಂಡಮ್ಮ ಪ್ರತಿ ಮರದ ಬುಡವನ್ನೂ ತೆಂಗಿನ ನಾರಿನಿಂದ ಪಾತ್ರೆ ಉಜ್ಜುವಂತೆ ಉಜ್ಜಿದಳು. ಮೊದಲ ದಿನವೇ ಅವಳು ಕೇಳಬೇಕಾದ್ದನ್ನು ಕೇಳಿದ್ದಳು. ಗಡಿ ಕಳೆದುಕೊಂಡ ಗಂಡು ಏನು ಮಾಡುತ್ತದೆ ಎಂದು. ಒಂದೆರಡು ದಿನ ಅಲೆಯುತ್ತದೆ, ಆಮೇಲೆ ತನ್ನ ವಾಸನೆ ಎಲ್ಲಿ ಉಳಿದಿದೆಯೋ ಅಲ್ಲಿಗೆ ಹೋಗುತ್ತದೆ, ಎಲ್ಲಿಯೂ ಉಳಿದಿಲ್ಲದಿದ್ದರೆ ಕಾಡು ಬಿಟ್ಟೇ ಹೋಗುತ್ತದೆ ಎಂದಿದ್ದಳು ಚಿತ್ಕಲಾ. ಹೇಳಿದ ಮೇಲೆ ದುಂಡಮ್ಮನ ಮುಖವನ್ನು ಒಂದು ಕ್ಷಣ ನೋಡಿ, ಬೇರೆ ಕಡೆ ತಿರುಗಿದ್ದಳು.

ನಲವತ್ತೂ ಮುಗಿದವು. ಇನ್ನು ನಿಮ್ಮ ಹಿತ್ತಿಲ ಗೋಡೆ ಎಂದು ಚಿತ್ಕಲಾ ಹೇಳಿದಾಗ ದುಂಡಮ್ಮ ಬಕೆಟ್ಟನ್ನು ಇಸಿದುಕೊಂಡಳು.

"ಅದು ನನ್ನ ಮನೆ, ನಾನೇ ತೊಳ್ಕತಿನಿ ಬುಡಿ ಡಾಕ್ಟ್ರವ್ವ."

ಮನೆಗೆ ಬಂದವಳು ಆ ನೀರನ್ನು ಬೀದಿಯ ಚರಂಡಿಗೆ ಚೆಲ್ಲಿದಳು. ಬಾನಿಯ ಕೆಳಗಿನ ಮರಳನ್ನು ಬೊಗಸೆ ಬೊಗಸೆಯಾಗಿ ತೆಗೆದು ಜಗುಲಿಯ ಕಂಬದ ಸುತ್ತ, ಆ ಬೂಟುಗಳ ಸುತ್ತ ಹರಡಿದಳು. ಮಿಕ್ಕದ್ದನ್ನು ಹೊಸಲಿನ ಉದ್ದಕ್ಕೂ ಗೆರೆಯಾಗಿ ಸುರಿದಳು. ಹಸುವನ್ನು ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಕಟ್ಟಿ ಬಂದಳು. ನನಗೇನು ತಲೆ ಕೆಟ್ಟಿದೆಯೇ ಎಂದು ಒಂದು ಸಲ ತನ್ನನ್ನೇ ಕೇಳಿಕೊಂಡಳು. ಬರುವುದು ಯಾವ ಕಾಲಿನಲ್ಲಿ ನಡೆದು ಬರುತ್ತದೆಯೋ ಯಾರಿಗೆ ಗೊತ್ತು? ಆದರೂ ಮರಿ ದೊಡ್ಡವಾದ ಮೇಲೆ ನಾನು ನಿನ್ನವನೇ ಎಂದು ಬಾಯಿಬಿಟ್ಟು ಹೇಳಿದವನು ಅವನು. ಅವಳು ಹೇಳಿದ ಮಾತಿನಂತೆ ತಡೆದುಕೊಂಡಿದ್ದಳು.

ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಪರದೆಯಲ್ಲಿ ನಲವತ್ತೂ ಮರ ಕತ್ತಲೆ. ಮೂರನೆಯ ದಿನ ಸಂಜೆ ಚಿತ್ಕಲಾ ಫೋನು ಮಾಡಿ, ಇವತ್ತು ಬರಬೇಕಾಗಿದ್ದ ಚುಕ್ಕೆ ಎಲ್ಲಿಯೂ ಬಂದಿಲ್ಲ, ಗೋಡೆ ತೊಳೆದಿರಾ ಎಂದು ಕೇಳಿದಳು. ತೊಳೆದೆ ಎಂದಳು ದುಂಡಮ್ಮ.

ಫೋನಿಟ್ಟು ದೀಪ ಹಚ್ಚಿ, ಒಲೆಯಿಂದ ಮುದ್ದೆ ಇಳಿಸಿದಳು. ಬಾಗಿಲು ಪೂರ್ತಿ ತೆರೆದಿಟ್ಟು ಗೋಡೆಗೆ ಒರಗಿ ಕೂತಳು. ಹೊರಗೆ ಇನ್ನೂ ಬೆಳಕಿತ್ತು. ನಾಯಿ ಜಗುಲಿಯಿಂದ ಎದ್ದು, ಕಿವಿ ಹಿಂದಕ್ಕೆ ಒತ್ತಿಕೊಂಡು, ಸದ್ದಿಲ್ಲದೆ ಗುಡಿಯ ಕಡೆ ಓಡಿತು. ಹುಣಸೆಮರದಲ್ಲಿ ಒಂದು ಮುಸುವ ಖಕ್ ಎಂದಿತು. ಇನ್ನೊಂದು ಅಂದಿತು. ಆಮೇಲೆ ಇಡೀ ಮರವೇ ಕೂಗಿಕೊಂಡಿತು. ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಹಸು ಹಗ್ಗ ಜಗ್ಗುವುದು ಕೇಳಿಸಿತು. ದುಂಡಮ್ಮ ಕಿವಿಗೊಟ್ಟಳು. ಹೆಜ್ಜೆಯ ಸಪ್ಪಳವಿರಲಿಲ್ಲ. ಜಗುಲಿಯ ಕಂಬದ ಹತ್ತಿರ ಬೂಟು ಅಲುಗಿದ ಸದ್ದು ಮಾತ್ರ ಆಯಿತು.

ಮನೆಯೊಳಗೆಲ್ಲ ಗಂಧಸಾಲೆ ಅನ್ನ ಬೇಯುವ ಪರಿಮಳ ತುಂಬಿಕೊಂಡಿತು. ಅವಳು ಬಾಗಿಲ ಕಡೆ ನೋಡಲಿಲ್ಲ. ಎದ್ದು, ಬಾಗಿಲು ಕಾಣುವ ಹಾಗೆ, ಗೋಡೆಯ ಪಕ್ಕಕ್ಕೆ ಅವನ ತಟ್ಟೆ ಹಾಕಿದಳು.